ಕಟಾವಿಗೆ ಮುಂಚೆ ನೀರು ಬಿಟ್ಟರೆ ಯೂರಿಯಾ ತೊಳೆದು ಹೋಗಲ್ಲ

ಮನೆಯೊಳಗೆ ಕುಂಡದಲ್ಲಿ ಗಿಡ ಬೆಳೆಸುವವರು ಕೊಯ್ಲಿಗೆ ಮುಂಚೆ ಬರೀ ನೀರು ಬಿಟ್ಟು ಗೊಬ್ಬರ ತೊಳೆಯುವ ವಿಡಿಯೋ ನೋಡಿರ್ತೀರಿ. ಕಬ್ಬಿಗೆ ಅದನ್ನ ಮಾಡಬೇಡಿ. ಜಲ್ಲೆಗೆ ಸೇರಿದ ಸಾರಜನಕ ನೀರಿಗೆ ಆಚೆ ಬರಲ್ಲ; ರಸ ತೆಳುವಾಗುತ್ತೆ, ಅಷ್ಟೇ.

ತಡವಾಗಿ ಯೂರಿಯಾ ಹಾಕಿದರೆ ಕಬ್ಬು ಬೆಳೀತಾನೇ ಇರುತ್ತೆ, ಸಕ್ಕರೆ ಕೂಡಿಡಲ್ಲ. ಆ ರಸದ ಬೆಲ್ಲ ಅಚ್ಚಿನಲ್ಲಿ ಗಟ್ಟಿಯಾಗಿ ಕೂರಲ್ಲ, ಬಣ್ಣವೂ ಕಪ್ಪು. ಆಲೆಮನೆಯಲ್ಲಿ ಹೈಡ್ರೋಸ್ ಸುರಿಯೋದು ಇಂಥ ಬಣ್ಣ ಮುಚ್ಚೋಕೇ.

12 ತಿಂಗಳ ಕಬ್ಬಿಗೆ 4 ತಿಂಗಳೊಳಗೆ ಯೂರಿಯಾ ಮುಗಿಸಿ. ಕಟಾವಿಗೆ ಎರಡು ವಾರ ಇರುವಾಗ ನೀರು ನಿಲ್ಲಿಸಿ. ಶ್ರೀರಂಗಪಟ್ಟಣ, ಪಾಂಡವಪುರದ ನಾಲೆ ಬಯಲಿನವರಿಗೇ ಇದು ಕಷ್ಟ. ನಾಲೇಲಿ ನೀರು ಬಂತು ಅಂದ್ರೆ ಕೈ ಸುಮ್ಮನಿರಲ್ಲ! ಕಡಿಯುವ ಮುಂಚೆ ಜಲ್ಲೆಯ ನಡುಭಾಗದ ರಸವನ್ನ ರಿಫ್ರಾಕ್ಟೋಮೀಟರ್‌ನಲ್ಲಿ ನೋಡಿ. 18 ಬ್ರಿಕ್ಸ್ ಮುಟ್ಟಿಲ್ಲವಾ, ಇನ್ನೊಂದು ವಾರ ಕಾಯಿರಿ.