ವಿದ್ಯಾನಗರಿಗೆ ಶಹಾಡ್ ಎಷ್ಟು ದೂರ?

ಸ್ನಾತಕೋತ್ತರ ಅಧ್ಯಯನವೆಂದರೆ ಎರಡು ವರ್ಷಗಳ ಪಾಠ, ಒಂದಷ್ಟು ಪರೀಕ್ಷೆಗಳು, ಕೊನೆಗೊಂದು ಪದವಿ ಎಂದಷ್ಟೇ ತಿಳಿದವರಿಗೆ ವಿದ್ಯಾರ್ಥಿ ಎಲ್ಲಿ ವಾಸಿಸುತ್ತಾನೆ ಎಂಬ ಪ್ರಶ್ನೆ ಗೌಣವಾಗಿ ತೋರುವುದು ಸಹಜ. ಹಳೆಯ ವಿದ್ಯಾಪೀಠಗಳು ಅದನ್ನು ಹಾಗೆ ಭಾವಿಸಲಿಲ್ಲ. ಆಕ್ಸ್‌ಫರ್ಡಿನಲ್ಲಿ ಸಂಶೋಧನ ವಿದ್ಯಾರ್ಥಿಯು ನಗರಮಧ್ಯದ ಕಾರ್‌ಫ್ಯಾಕ್ಸ್ ಚೌಕದಿಂದ 25 ಮೈಲಿಗಳೊಳಗೆ ವಾಸವಾಗಿರಬೇಕೆಂಬ ನಿಯಮವುಂಟು. 25 ಮೈಲಿಯೆಂದರೆ 40 ಕಿಲೋಮೀಟರು; ಶಹಾಡಿನಿಂದ ಕುರ್ಲಾದವರೆಗಿನ ರೈಲುಹಾದಿಯೂ ಹೆಚ್ಚುಕಡಿಮೆ ಅಷ್ಟೇ. ಲೆಕ್ಕಕ್ಕೆ ಶಹಾಡಿನ ಕನ್ನಡ ವಿದ್ಯಾರ್ಥಿ ಆ ಗಡಿಯ ಅಂಚಿನಲ್ಲಿಯೇ ಇದ್ದಾನೆ. ಆದರೆ ಆ ನಿಯಮವನ್ನು ಮಾಡಿದವರು ಬೆಳಗಿನ ಎಂಟು ಗಂಟೆಯ ಲೋಕಲನ್ನು ಹತ್ತಿದವರಲ್ಲ.

ಕಲ್ಯಾಣದಿಂದ ಕಸಾರಾದ ಕಡೆಗೆ ಹೊರಟರೆ ಸಿಗುವ ಮೊದಲ ನಿಲ್ದಾಣ ಶಹಾಡ್. ಉಲ್ಹಾಸ ನದಿ, ಸೆಂಚುರಿ ರೇಯಾನ್ ಕಾರ್ಖಾನೆ, ಬಿರ್ಲಾ ಮನೆತನದವರು ಕಟ್ಟಿಸಿದ ವಿಠ್ಠಲ ಮಂದಿರ, ಬೆನ್ನಿಗೇ ಉಲ್ಹಾಸನಗರದ ಇಕ್ಕಟ್ಟು. ಇಲ್ಲಿಂದ ಕಲೀನಾದ ವಿದ್ಯಾನಗರಿಗೆ ಹೊರಡುವವರಿಗೆ ರೈಲು, ಬಸ್ಸು, ಕಾಲುನಡಿಗೆ ಎಲ್ಲ ಸೇರಿ ದಿನಕ್ಕೆ ಮೂರೂವರೆಯಿಂದ ನಾಲ್ಕು ತಾಸು ಹಾದಿಯಲ್ಲಿಯೇ ಕಳೆಯುತ್ತದೆ. ವಾರಕ್ಕೆ ಐದು ದಿನವೆಂದರೆ ಸುಮಾರು ಇಪ್ಪತ್ತು ತಾಸು. ತರಗತಿಯಲ್ಲಿ ಕುಳಿತ ವೇಳೆಯೂ ಇದಕ್ಕಿಂತ ಬಹಳ ಹೆಚ್ಚಿರಲಾರದು.

ಇದಕ್ಕೆ ಮೂಲ ಹುಡುಕಿದರೆ 1857ಕ್ಕೇ ಹೋಗಬೇಕಾಗುತ್ತದೆ. ಕಲಕತ್ತೆ, ಮದರಾಸುಗಳೊಂದಿಗೆ ಆ ವರ್ಷ ಹುಟ್ಟಿದ ಮುಂಬಯಿ ವಿಶ್ವವಿದ್ಯಾಲಯ ಆದರ್ಶವಾಗಿ ಸ್ವೀಕರಿಸಿದ್ದು ಲಂಡನ್ನಿನ ಪದ್ಧತಿಯನ್ನು. ಅಂದರೆ ಕಲಿಸುವ ಹೊಣೆ ಕಾಲೇಜುಗಳದು. ಪರೀಕ್ಷಿಸಿ ಪದವಿ ಕೊಡುವುದಷ್ಟೇ ವಿಶ್ವವಿದ್ಯಾಲಯದ ಕೆಲಸ. ವಿದ್ಯಾರ್ಥಿ ಎಲ್ಲಿ ಉಂಡ, ಎಲ್ಲಿ ಮಲಗಿದ, ಯಾರೊಡನೆ ವಾದಿಸಿದ ಎಂಬುದು ಅದರ ಕಾಳಜಿಯಾಗಿರಲಿಲ್ಲ. ಬೋಧನ ವಿಭಾಗಗಳು ಮುಂದೆ ಬಂದವು, ಕನ್ನಡ ವಿಭಾಗವೂ 1978ರಲ್ಲಿ ಆರಂಭವಾಯಿತು. ಆದರೆ ಮೂಲದ ಆ ನಿರ್ಲಿಪ್ತತೆ ಪೂರ್ತಿ ಹೋಯಿತೆಂದು ಹೇಳುವಂತಿಲ್ಲ.

ಇದೇ ಪ್ರಾಂತದಲ್ಲಿ ಬೇರೊಂದು ಮಾದರಿಯೂ ಇದ್ದಿತೆಂಬುದನ್ನು ಮರೆಯಬಾರದು. ಪುಣೆಯ ಡೆಕ್ಕನ್ ಕಾಲೇಜು 1821ರಲ್ಲಿ ವಿಶ್ರಾಮಬಾಗ್ ವಾಡೆಯ ಸಂಸ್ಕೃತ ಪಾಠಶಾಲೆಯಾಗಿ ಹುಟ್ಟಿ, 1864ರಲ್ಲಿ ಈಗಿನ ಹೆಸರು ಪಡೆದು, 1868ರಲ್ಲಿ ಯೆರವಡೆಯ ವಿಶಾಲ ಆವರಣಕ್ಕೆ ಹೋಯಿತು. ಊರಿನಿಂದ ದೂರ, ನದಿಯಾಚೆ, ಕಲ್ಲಿನ ಕಟ್ಟಡ, ಅದರೊಳಗೇ ವಿದ್ಯಾರ್ಥಿಗಳ ಕೋಣೆಗಳು. ತಿಲಕರಿಗೂ ಆಗರಕರರಿಗೂ ಸ್ನೇಹ ಬೆಳೆದದ್ದು ಅಲ್ಲಿ. 1880ರಲ್ಲಿ ಪುಣೆಯಲ್ಲಿ ನ್ಯೂ ಇಂಗ್ಲಿಷ್ ಸ್ಕೂಲು ತೆರೆಯಿತು. ಅದರ ಹಿಂದಿನ ವಾದ-ವಿವಾದಗಳು ಆ ಕೋಣೆಗಳಲ್ಲಿ ನಡೆದಿದ್ದವೇ ಹೊರತು ಯಾವ ಪಠ್ಯಕ್ರಮದಲ್ಲಿಯೂ ಸೇರಿರಲಿಲ್ಲ. 1934ರಲ್ಲಿ ಮುಚ್ಚಿದ ಕಾಲೇಜು 1939ರಲ್ಲಿ ಸ್ನಾತಕೋತ್ತರ ಸಂಶೋಧನ ಸಂಸ್ಥೆಯಾಗಿ ಮರುಜನ್ಮ ಪಡೆಯಿತು. ಕನ್ನಡಕ್ಕೆ ಅದರ ಋಣ ದೊಡ್ಡದು. ಜಿ. ಎಸ್. ಗಾಯಿಯವರು 8, 9, 10ನೆಯ ಶತಮಾನಗಳ ಶಾಸನಗಳನ್ನೇ ಆಧರಿಸಿ ರಚಿಸಿದ ಹಳಗನ್ನಡದ ಚಾರಿತ್ರಿಕ ವ್ಯಾಕರಣ 1946ರಲ್ಲಿ ಪ್ರಕಟವಾದದ್ದು ಅಲ್ಲಿಂದ. ಹಾಲಕ್ಕಿ, ಗುಲಬರ್ಗಾ, ನಂಜನಗೂಡು ಮೊದಲಾದ ಕನ್ನಡದ ಉಪಭಾಷೆಗಳ ವರ್ಣನೆಗಳು ಅಚ್ಚಾದದ್ದೂ ಅಲ್ಲಿಯೇ. ಡಿ. ಎನ್. ಶಂಕರ ಭಟ್ಟರ ಭಾಷಾವಿಜ್ಞಾನದ ಹಿನ್ನೆಲೆಯಲ್ಲಿಯೂ ಡೆಕ್ಕನ್ ಕಾಲೇಜು ಇದೆ. ಕನ್ನಡನಾಡಿನ ಹೊರಗೆ ಕನ್ನಡದ ಇಷ್ಟು ಕೆಲಸ ನಡೆದದ್ದಕ್ಕೆ ಗ್ರಂಥಾಲಯ, ಗುರು, ಸಹಪಾಠಿ, ಬಿಡುವು ಈ ನಾಲ್ಕೂ ಒಂದೇ ಆವರಣದಲ್ಲಿ ದೊರೆತದ್ದು ಮುಖ್ಯ ಕಾರಣವೆನ್ನಬೇಕು.

ಹಾಗೆಂದು ವಿದ್ಯಾರ್ಥಿನಿಲಯದ ಗೋಡೆಗಳಿಗೇ ಮಹಿಮೆ ಕಟ್ಟುವುದೂ ಸರಿಯಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ 1927ರಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾದಾಗ ಮೊದಲ ತಂಡದಲ್ಲಿದ್ದ ಕುವೆಂಪು ವಾಸವಾಗಿದ್ದುದು ಶ್ರೀರಾಮಕೃಷ್ಣಾಶ್ರಮದಲ್ಲಿ. ಅವರಿಗೆ ಕಾಲೇಜು, ಆಶ್ರಮ, ಗುರು ವೆಂಕಣ್ಣಯ್ಯನವರ ಸನ್ನಿಧಿ, ಕುಕ್ಕರಹಳ್ಳಿ ಕೆರೆಯ ದಂಡೆ ಎಲ್ಲವೂ ನಡೆದು ತಲುಪುವ ದೂರದಲ್ಲಿದ್ದುವು. ವಾಸ ಎಂಬುದರ ತಿರುಳು ಇಲ್ಲಿದೆ. ಪಾಠ ಮುಗಿದ ಮೇಲೂ ಪಾಠದ ವಿಷಯ ಮುಗಿಯದಂತಹ ನೆರೆಹೊರೆ ಬೇಕು. ಅದು ಒಂದೇ ಸೂರಿನಡಿ ಇರಲೇಬೇಕೆಂದೇನೂ ಇಲ್ಲ.

ಹಳೆಯ ನಿಲಯಜೀವನದ ಇನ್ನೊಂದು ಮುಖವನ್ನು ಸ್ಮರಣಸಂಪುಟಗಳು ಸಾಮಾನ್ಯವಾಗಿ ಬರೆಯುವುದಿಲ್ಲ. ಮೈಸೂರು, ಬೆಂಗಳೂರು, ಧಾರವಾಡಗಳ ಎಷ್ಟೋ ವಿದ್ಯಾರ್ಥಿನಿಲಯಗಳು ಒಂದೊಂದು ಸಮುದಾಯದ ಹೆಸರಿನಲ್ಲಿ ಹುಟ್ಟಿದವು. ಅವಿಲ್ಲದಿದ್ದರೆ ಹಳ್ಳಿಯ ಹುಡುಗರು ಓದುತ್ತಲೇ ಇರಲಿಲ್ಲವೆಂಬುದು ನಿಜ. ಜಾತಿಯ ಪಂಕ್ತಿಯನ್ನು ಅವು ಉಳಿಸಿದವೆಂಬುದೂ ಅಷ್ಟೇ ನಿಜ. ವಾರಾನ್ನದಲ್ಲಿ ಓದಿದವರ ಅವಮಾನಗಳ ಕಥೆ ಬೇರೆಯೇ ಇದೆ. ಹೆಣ್ಣುಮಕ್ಕಳಿಗಂತೂ ಆ ಲೋಕದ ಬಾಗಿಲು ತೆರೆದದ್ದು ಬಹಳ ತಡವಾಗಿ. ಮನೆ, ಮಕ್ಕಳು, ಉದ್ಯೋಗಗಳ ನಡುವೆ ನಲವತ್ತರ ವಯಸ್ಸಿನಲ್ಲಿ ಪಂಪನನ್ನು ಓದಲು ಬರುವ ಗೃಹಿಣಿಗೆ, ಪಾಳಿ ಮುಗಿಸಿ ಬರುವ ನೌಕರನಿಗೆ, ಮುನ್ಸಿಪಲ್ ಶಾಲೆಯ ಶಿಕ್ಷಕಿಗೆ ನಿವಾಸಿ ವಿದ್ಯಾಪೀಠದಲ್ಲಿ ಜಾಗವಿರಲಿಲ್ಲ. ಮುಂಬಯಿಯಲ್ಲಿ ಇದೆ. ರಾತ್ರಿಶಾಲೆಗಳಲ್ಲಿ ಕಲಿತು ಬೆಳೆದ ಮುಂಬಯಿ ಕನ್ನಡಿಗರ ಪರಂಪರೆಗೆ ಇದು ತಕ್ಕ ಮುಂದುವರಿಕೆಯೇ ಆಗಿದೆ.

ಆದರೆ ಬಾಗಿಲು ತೆರೆದಿಟ್ಟ ಮಾತ್ರಕ್ಕೆ ಹೊಣೆ ಮುಗಿಯಲಿಲ್ಲ. ಈ ನಡುವೆ ಲೋಕಲ್ ರೈಲನ್ನೇ ಮುಂಬಯಿ ವಿದ್ಯಾರ್ಥಿಯ ಗುರುಕುಲವೆಂದು ಕೊಂಡಾಡುವ ಒಂದು ರೂಢಿ ಬೆಳೆದಿದೆ. ಡಬ್ಬಿಯಲ್ಲಿ ಭಜನೆ ನಡೆಯುತ್ತದೆ, ಇಸ್ಪೀಟು ನಡೆಯುತ್ತದೆ, ಮಹಿಳೆಯರ ಡಬ್ಬಿಯಲ್ಲಿ ರಾತ್ರಿಯ ಅಡುಗೆಗೆ ತರಕಾರಿ ಹೆಚ್ಚುವುದೂ ಉಂಟು. ಓದುವುದು ಮಾತ್ರ ಏಕೆ ನಡೆಯಬಾರದೆಂದು ಕೇಳುತ್ತಾರೆ. ಕಾದಂಬರಿಯನ್ನು ಓದಬಹುದು. ಒಂದು ಕೈಯಲ್ಲಿ ಹಿಡಿಕೆ ಹಿಡಿದು ಜೋತು ನಿಂತವನು ಚಂಪೂಕಾವ್ಯದ ಕಂದಪದ್ಯವನ್ನು ಅನ್ವಯಿಸಲಾರ. ಅದಕ್ಕೆ ಮೇಜು ಬೇಕು, ನಿಘಂಟು ಬೇಕು, ಎದುರಿಗೊಬ್ಬ ತಪ್ಪು ತೋರಿಸುವವನು ಬೇಕು. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ಎಂಟು ಸಂಪುಟಗಳಷ್ಟಿದೆ. ಅದನ್ನು ಚೀಲದಲ್ಲಿ ಹೊತ್ತು ಕಲ್ಯಾಣದಲ್ಲಿ ಗಾಡಿ ಬದಲಿಸುವುದು ಸಾಧ್ಯವಿಲ್ಲ. ಗ್ರಂಥಾಲಯದಲ್ಲಿ ಕುಳಿತು ನೋಡೋಣವೆಂದರೆ ಸಂಜೆಯ ಗಾಡಿಯ ಚಿಂತೆ. ಶಹಾಡಿಗೆ ನೇರ ಹೋಗುವ ಗಾಡಿಗಳು ಕಲ್ಯಾಣಕ್ಕಿರುವಷ್ಟು ಇಲ್ಲ. ಹೀಗೆ ಈ ವಿದ್ಯಾರ್ಥಿಗೆ ತಪ್ಪಿಹೋಗುವುದು ಪಾಠದ ಅನಂತರದ ಆ ಎರಡು ತಾಸು. ಸಂಶೋಧನೆಯ ವಿಷಯಗಳು ಹುಟ್ಟುವುದು ಬಹುಪಾಲು ಆ ವೇಳೆಯಲ್ಲಿಯೇ. ಶಾಸನ, ಗ್ರಂಥಸಂಪಾದನೆ, ಹಳಗನ್ನಡ ವ್ಯಾಕರಣಗಳನ್ನು ಬಿಟ್ಟು ಆಧುನಿಕ ಲೇಖಕರೊಬ್ಬರ ಕೃತಿಗಳ ಅಧ್ಯಯನವನ್ನೇ ಎಲ್ಲರೂ ಆರಿಸಿಕೊಂಡರೆ ಅಭಿರುಚಿಯ ಕೊರತೆಯೆಂದು ಆಕ್ಷೇಪಿಸುವ ಮೊದಲು ರೈಲಿನ ವೇಳಾಪಟ್ಟಿಯನ್ನೊಮ್ಮೆ ನೋಡುವುದು ಲೇಸು.

2020ರ ಮಾರ್ಚಿನಲ್ಲಿ ಉಪನಗರ ರೈಲುಗಳು ನಿಂತು ಪಾಠಗಳು ಮೊಬೈಲಿನೊಳಗೆ ಬಂದಾಗ ಶಹಾಡಿನ ದೂರ ಒಮ್ಮೆಗೇ ಅಳಿಯಿತು. ಉಪನ್ಯಾಸಗಳಿಗೆ ದೊಡ್ಡ ಕುಂದೇನೂ ಬರಲಿಲ್ಲ. ಆದರೆ ಉಪನ್ಯಾಸದ ಕೊನೆಯಲ್ಲಿ ಗುಂಡಿಯೊತ್ತಿದೊಡನೆ ತರಗತಿ ಮಾಯವಾಗುತ್ತಿತ್ತು. ಮೊಗಸಾಲೆಯಿಲ್ಲ, ಚಹದ ಅಂಗಡಿಯಿಲ್ಲ, ನಿಲ್ದಾಣದವರೆಗೆ ಜೊತೆಗೆ ನಡೆಯುವ ಅಧ್ಯಾಪಕರಿಲ್ಲ. ದೂರವನ್ನು ಕಳೆದರೆ ಸಾಕು, ವಾಸದ ಲಾಭ ತಾನಾಗಿ ಬರುವುದೆಂಬ ಎಣಿಕೆ ಅಲ್ಲಿಗೆ ಬಿದ್ದುಹೋಯಿತು. ಆ ಬಳಿಕವೂ ತಂತ್ರಜ್ಞಾನವನ್ನೇ ಪರಿಹಾರವೆಂದು ಮುಂದಿಡುವವರ ವಾದದಲ್ಲಿ ಹುರುಳಿಲ್ಲ.

ವಿದ್ಯಾನಗರಿಯಲ್ಲಿ ಇನ್ನಷ್ಟು ಕೋಣೆಗಳು ಕಟ್ಟಿದರೆ ಒಳ್ಳೆಯದೇ. ಆದರೆ ಸಂಸಾರವಂದಿಗರು ಅಲ್ಲಿಗೆ ಬಂದು ಇರುವವರಲ್ಲ. ಅದಕ್ಕಿಂತ ವಾಸದ ಗುಣವನ್ನೇ ಅವರಿದ್ದಲ್ಲಿಗೆ ಒಯ್ಯುವ ಯೋಚನೆ ಹೆಚ್ಚು ಸಾಧುವಾದುದು. ಕಲ್ಯಾಣದಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಉಪಕೇಂದ್ರವಿದೆ. ಅದೇ ಊರಿನಲ್ಲಿ ಮರಾಠಿ ಬಂಧುಗಳು 1864ರಲ್ಲಿ ಸ್ಥಾಪಿಸಿದ ಸಾರ್ವಜನಿಕ ವಾಚನಾಲಯ ಇಂದಿಗೂ ನಡೆಯುತ್ತಿದೆ. ಊರವರ ಓದಿಗೆ ಊರವರೇ ನೆಲೆ ಕಟ್ಟಿಕೊಂಡ ಉದಾಹರಣೆ ಕಣ್ಣೆದುರಿಗೇ ಇದೆ. ಠಾಣೆ, ಡೊಂಬಿವಲಿ, ಕಲ್ಯಾಣಗಳ ಕನ್ನಡ ಸಂಘಗಳು ವಾರ್ಷಿಕೋತ್ಸವಗಳಿಗೆ ಮಾಡುವ ವೆಚ್ಚದಲ್ಲಿ ಅಲ್ಪಭಾಗವನ್ನು ಇತ್ತ ತಿರುಗಿಸಿದರೂ ಶನಿವಾರದ ಒಂದು ಓದುಕೂಟ ನಡೆಯಬಲ್ಲುದು. ವಾರಕ್ಕೊಬ್ಬ ಅಧ್ಯಾಪಕರು ವಿದ್ಯಾನಗರಿಯಿಂದ ಕಲ್ಯಾಣಕ್ಕೆ ಬರಲಿ, ಅವರೂ ಒಮ್ಮೆ ಆ ಗಾಡಿಯನ್ನು ಹತ್ತಲಿ. ಒಂದು ಕಾವ್ಯವನ್ನೋ ಒಂದು ಶಾಸನವನ್ನೋ ಹಿಡಿದು ಮಧ್ಯಾಹ್ನವಿಡೀ ಸಾಲು ಸಾಲಾಗಿ ಓದಬೇಕು. ಭಾಷಣ, ಹಾರ, ಶಾಲುಗಳಿಗೆ ಅಲ್ಲಿ ಅವಕಾಶವಿರಬಾರದು. ವರ್ಷಕ್ಕೊಮ್ಮೆ ಹತ್ತು ಹದಿನೈದು ದಿನ ಎಲ್ಲರೂ ಒಂದೆಡೆ ತಂಗಿ ಹಸ್ತಪ್ರತಿ ಓದುವ ಅಭ್ಯಾಸ ಮಾಡುವಂತಾದರೆ ಇನ್ನೂ ಮೇಲು. ಆರಂಭಕ್ಕೆ ಪರಿಷತ್ತಿನ ನಿಘಂಟಿನ ಎಂಟು ಸಂಪುಟಗಳು, ಕಿಟ್ಟೆಲ್ ಕೋಶ, ಹಳಗನ್ನಡ ಕಾವ್ಯಗಳ ಒಳ್ಳೆಯ ಆವೃತ್ತಿಗಳು, ಶಾಸನಸಂಪುಟಗಳಲ್ಲಿ ಕೆಲವು ಇಷ್ಟಿದ್ದರೆ ಆದೀತು. ಅವುಗಳಿಗೆ ಒಂದು ಬೀರು ಸಾಕು. ಅದರ ಬೀಗದ ಕೈ ಮಾತ್ರ ಕಲೀನಾದಲ್ಲಿರಬಾರದು.