ಪ್ರಾಣಿಗೆ ಹಿಂಸೆ ಕೊಟ್ಟರೆ ಬರೀ 50 ರೂಪಾಯಿ ದಂಡವೇ? ಹಾಗಾದರೆ ಆರೈಕೆಯ ಖರ್ಚು ಯಾರದ್ದು?

ಮೈಯೆಲ್ಲ ಗಾಯವಾದ ನಾಯಿಯ ಫೋಟೊ. ಕೆಳಗೆ ಎರಡು ಸಾಲು: "ಪ್ರಾಣಿಗೆ ಹಿಂಸೆ ಕೊಟ್ಟರೆ ಬರೀ 50 ರೂಪಾಯಿ ದಂಡ. ಕಂಪ್ಲೇಂಟ್ ಕೊಟ್ಟು ಪ್ರಯೋಜನವಿಲ್ಲ, ಶೆಲ್ಟರ್‌ಗೆ ಬಿಟ್ಟುಬನ್ನಿ." ಇಂಥ ಸಂದೇಶ ನಿಮ್ಮ ಗ್ರೂಪಿಗೂ ಬಂದಿರಬಹುದು.

ಇದರಲ್ಲಿ ಮೊದಲ ಸಾಲು ಅರ್ಧ ನಿಜ. ಎರಡನೆಯದು ತಪ್ಪು. ಆ ತಪ್ಪಿನಿಂದ ನಷ್ಟವಾಗುವುದು ಪ್ರಾಣಿಯನ್ನು ಸಾಕುವ ಶೆಲ್ಟರ್‌ಗೆ.

50 ರೂಪಾಯಿ ಎಲ್ಲಿಂದ ಬಂತು?

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್‌ನಿಂದ. ಹೊಡೆಯುವುದು, ಊಟ ನೀರು ಕೊಡದಿರುವುದು, ನಾಯಿಯನ್ನು ಸದಾ ಸರಪಳಿಯಲ್ಲೇ ಕಟ್ಟಿಡುವುದು, ಉಪವಾಸ ಬೀಳುವಂತೆ ಬೀದಿಗೆ ಬಿಡುವುದು ಎಲ್ಲವೂ ಇದರಡಿ ಅಪರಾಧ. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ. ಮೂರು ವರ್ಷದೊಳಗೆ ಮತ್ತೆ ಅದೇ ತಪ್ಪು ಮಾಡಿದರೆ 25ರಿಂದ 100 ರೂಪಾಯಿ, ಇಲ್ಲವೇ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಅರವತ್ತು ವರ್ಷ ದಾಟಿದರೂ ಗರಿಷ್ಠ ದಂಡದ ಮೊತ್ತ ಬದಲಾಗಿಲ್ಲ.

ಆದರೆ ಪ್ರಾಣಿಯನ್ನು ಕೊಂದರೆ ಅಥವಾ ಅಂಗ ಊನ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಬರುತ್ತದೆ. ಅದರಲ್ಲಿ ಐದು ವರ್ಷದವರೆಗೆ ಜೈಲು ಶಿಕ್ಷೆಗೆ ಅವಕಾಶವಿದೆ.

ದಂಡ ಬೇರೆ, ಖರ್ಚು ಬೇರೆ

ಫಾರ್ವರ್ಡ್‌ಗಳು ಹೇಳದೇ ಬಿಡುವ ವಿಷಯ ಇದು. ದಂಡ ಸರ್ಕಾರಕ್ಕೆ ಹೋಗುತ್ತದೆ. ಪ್ರಾಣಿಯ ಔಷಧಿ, ಮೇವು, ಸಾಗಾಟದ ಖರ್ಚಿಗೆ ಕಾನೂನಿನಲ್ಲಿ ಬೇರೆಯೇ ದಾರಿ ಇದೆ.

ಅದೇ 1960ರ ಕಾಯ್ದೆಯ 35ನೇ ಸೆಕ್ಷನ್ ಪ್ರಕಾರ, ಮ್ಯಾಜಿಸ್ಟ್ರೇಟರು ಪ್ರಾಣಿಯನ್ನು ಆರೈಕೆಗೆ ಕಳಿಸಿದರೆ ಅದರ ಖರ್ಚು ಮಾಲೀಕರದ್ದು. ಕಟ್ಟದಿದ್ದರೆ ಭೂಕಂದಾಯದ ಬಾಕಿಯಂತೆ ವಸೂಲು ಮಾಡಬಹುದು. ಮಾಲೀಕರು ತೀರಾ ಬಡವರಾದರೆ ಚಿಕಿತ್ಸೆಯ ಹಣವನ್ನು ಮನ್ನಾ ಮಾಡುವ ಅಧಿಕಾರವೂ ಮ್ಯಾಜಿಸ್ಟ್ರೇಟರಿಗೆ ಇದೆ.

2017ರಲ್ಲಿ ಬಂದ ನಿಯಮಗಳು ಇನ್ನೂ ಮುಂದೆ ಹೋದವು. ಕೇಸು ಮುಗಿಯುವವರೆಗೆ ಪ್ರಾಣಿಯನ್ನು ಪಿಂಜರಾಪೋಲ್, ಗೋಶಾಲೆ ಅಥವಾ ಪ್ರಾಣಿ ದಯಾ ಸಂಸ್ಥೆಗೆ ಒಪ್ಪಿಸುವಾಗ, ಪಶುವೈದ್ಯರ ಅಂದಾಜಿನ ಮೇಲೆ ಕೋರ್ಟು ಒಂದು ಮೊತ್ತ ನಿಗದಿ ಮಾಡುತ್ತದೆ. ಆರೋಪಿ ಮತ್ತು ಮಾಲೀಕರು ಮೂರು ದಿನದಲ್ಲಿ ಅಷ್ಟಕ್ಕೆ ಜಾಮೀನು ಸಮೇತ ಬಾಂಡ್ ಬರೆದುಕೊಡಬೇಕು. ಸಂಸ್ಥೆ ನಿಜವಾಗಿ ಆದ ಖರ್ಚನ್ನು ಹದಿನೈದು ದಿನಕ್ಕೊಮ್ಮೆ ಅದರಿಂದ ಪಡೆಯಬಹುದು. ಬಾಂಡ್ ಕೊಡದಿದ್ದರೆ ಪ್ರಾಣಿ ಸಂಸ್ಥೆಯ ಪಾಲಾಗುತ್ತದೆ. ಆರೋಪಿ ಖುಲಾಸೆಯಾದರೆ ಪ್ರಾಣಿಯೂ ಉಳಿದ ಹಣವೂ ವಾಪಸ್.

ಬೇರೆ ದೇಶದಲ್ಲೂ ಇಂಥ ಉದಾಹರಣೆ ಇದೆ. 2007ರಲ್ಲಿ ನಾಯಿ ಕಾಳಗ ನಡೆಸಿ ಸಿಕ್ಕಿಬಿದ್ದ ಅಮೆರಿಕದ ಫುಟ್‌ಬಾಲ್ ಆಟಗಾರ ಮೈಕಲ್ ವಿಕ್, ಅವರಿಂದ ವಶಪಡಿಸಿಕೊಂಡ ನಾಯಿಗಳ ಆರೈಕೆಗೆಂದೇ ಸುಮಾರು 9.28 ಲಕ್ಷ ಡಾಲರ್ ಕಟ್ಟಬೇಕಾಯಿತು.

ಹಾಗಾದರೆ ಶೆಲ್ಟರ್‌ಗಳಿಗೆ ಹಣ ಏಕೆ ಸಿಗುವುದಿಲ್ಲ?

ಒಂದು ಉದಾಹರಣೆ ನೋಡೋಣ. ಹ್ಯಾಂಡ್‌ಪೋಸ್ಟ್ ಹತ್ತಿರದ ಒಂದು ಹೊಗೆಸೊಪ್ಪಿನ ಬ್ಯಾರನ್ ಪಕ್ಕ ನಾಯಿಯೊಂದನ್ನು ಊಟವಿಲ್ಲದೆ ಕಟ್ಟಿಹಾಕಿದ್ದಾರೆ, ಸರಪಳಿ ಕತ್ತಿನೊಳಗೆ ಇಳಿದು ಹುಣ್ಣಾಗಿದೆ ಅಂದುಕೊಳ್ಳಿ. ಕರುಣೆಯಿಂದ ಯಾರೋ ಅದನ್ನು ಬಿಚ್ಚಿ, ಆಟೊದಲ್ಲಿ ಹಾಕಿಕೊಂಡು ಮೈಸೂರಿನ ಶೆಲ್ಟರ್‌ಗೆ ಬಿಟ್ಟುಬರುತ್ತಾರೆ. ನಾಯಿ ಉಳಿಯುತ್ತದೆ. ಆದರೆ ದೂರಿಲ್ಲ, ಕೇಸಿಲ್ಲ, ಕೋರ್ಟಿನ ಆದೇಶವಿಲ್ಲ. ಹಾಗಾಗಿ ಬಾಂಡೂ ಇಲ್ಲ. ತಿಂಗಳುಗಟ್ಟಲೆ ಡ್ರೆಸ್ಸಿಂಗ್, ಇಂಜೆಕ್ಷನ್, ಊಟ ಎಲ್ಲವೂ ದಾನಿಗಳ ಹಣದಲ್ಲೇ ಆಗಬೇಕು. ಮೇಲಾಗಿ ಮಾಲೀಕರು "ನನ್ನ ನಾಯಿ ಕದ್ದರು" ಎಂದು ಬಂದರೆ ಶೆಲ್ಟರ್ ಕೈಯಲ್ಲಿ ಒಂದು ಕಾಗದವೂ ಇರುವುದಿಲ್ಲ.

ನೀವೇನು ಮಾಡಬಹುದು?

1. ಪ್ರಾಣಿಯನ್ನು ಕಟ್ಟಿದ ಜಾಗದಲ್ಲೇ ಫೋಟೊ, ವಿಡಿಯೊ ತೆಗೆಯಿರಿ. ದಿನಾಂಕ, ಸಮಯ ಬರೆದಿಡಿ.

2. 112ಕ್ಕೆ ಕರೆ ಮಾಡಿ, ಠಾಣೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. 11ನೇ ಸೆಕ್ಷನ್‌ನ ಹೆಚ್ಚಿನ ಅಪರಾಧಗಳಿಗೆ ಪೊಲೀಸರು ನೇರವಾಗಿ ಎಫ್‌ಐಆರ್ ಹಾಕುವಂತಿಲ್ಲ, ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ಆದರೂ 34ನೇ ಸೆಕ್ಷನ್ ಪ್ರಕಾರ ಕಾನ್‌ಸ್ಟೆಬಲ್‌ಗಿಂತ ಮೇಲಿನ ಪೊಲೀಸ್ ಅಧಿಕಾರಿ ಪ್ರಾಣಿಯನ್ನು ವಶಕ್ಕೆ ಪಡೆದು ತಪಾಸಣೆಗೆ ಕಳಿಸಬಹುದು. ದೂರಿನಲ್ಲಿ ಇದನ್ನು ಕೇಳಿ.

3. ಸರ್ಕಾರಿ ಪಶುವೈದ್ಯರಿಂದ ಗಾಯದ ವರದಿ ಮತ್ತು ಖರ್ಚಿನ ಅಂದಾಜು ಬರೆಸಿಕೊಳ್ಳಿ. ಜೀವಕ್ಕೆ ಅಪಾಯವಿದ್ದರೆ ಮೊದಲು ಚಿಕಿತ್ಸೆ, ಆಮೇಲೆ ಕಾಗದ. ಆದರೆ ಅದೇ ದಿನ ದೂರು ಕೊಡಿ.

4. ಕೋರ್ಟಿನಲ್ಲಿ 2017ರ ನಿಯಮದಂತೆ ಬಾಂಡ್ ಕೇಳುವಂತೆ ಶೆಲ್ಟರ್‌ನವರಿಗೆ ಹೇಳಿ. ಪ್ರತಿ ಬಿಲ್ಲೂ ಇರಲಿ.

5. ತಡ ಮಾಡಬೇಡಿ. ಘಟನೆ ನಡೆದು ಮೂರು ತಿಂಗಳಾದ ಮೇಲೆ 1960ರ ಕಾಯ್ದೆಯಡಿ ಮೊಕದ್ದಮೆ ಹೂಡಲು ಬರುವುದಿಲ್ಲ (36ನೇ ಸೆಕ್ಷನ್).

ನಮ್ಮ ತೀರ್ಮಾನ

"50 ರೂಪಾಯಿ ದಂಡ" ಎಂಬುದು ಅರ್ಧ ಸತ್ಯ. "ಕಂಪ್ಲೇಂಟ್ ಕೊಟ್ಟು ಪ್ರಯೋಜನವಿಲ್ಲ" ಎಂಬುದು ಸುಳ್ಳು. ದೂರು ಕೊಟ್ಟ ಮಾತ್ರಕ್ಕೆ ಹಣ ಬಂದೇ ಬರುತ್ತದೆ ಎಂದು ನಾವು ಹೇಳುತ್ತಿಲ್ಲ. ಆದರೆ ದೂರು ಇಲ್ಲದಿದ್ದರೆ ಶೆಲ್ಟರ್ ಕೇಳುವುದಕ್ಕೂ ದಾರಿ ಇರುವುದಿಲ್ಲ. ಮುಂದಿನ ಸಲ ಆ ಸಂದೇಶ ಬಂದರೆ, ಅದರ ಜೊತೆಗೆ ಮೇಲಿನ ಐದು ಹೆಜ್ಜೆಗಳನ್ನೂ ಕಳಿಸಿ.