ಬಜೆಟ್ ಕಮ್ಮಿ ಅಂದ್ರೆ ಕ್ಲೈಮ್ಯಾಕ್ಸೂ ಕಮ್ಮೀನಾ?

ಕಳೆದ ಸೆಮಿಸ್ಟರಿನ ಕೊನೇ ಇಂಟರ್ನಲ್ಸ್ ಮುಗಿದ ರಾತ್ರಿ ನಮ್ಮ ಹಾಸ್ಟೆಲ್ ರೂಮಿನಲ್ಲಿ ಆರು ಜನ ಒಂದೇ ಲ್ಯಾಪ್‌ಟಾಪ್ ಮುಂದೆ ಕೂತಿದ್ದೆವು. ಲೈಟ್ ಆಫ್, ಫ್ಯಾನ್ ಫುಲ್, ಮಧ್ಯದಲ್ಲಿ ಪೇಪರ್ ಮೇಲೆ ಸುರಿದ ಖಾರ ಮಂಡಕ್ಕಿ. ಸಿನಿಮಾ ‘ದಿ ಡೆವಿಲ್ ಇನ್‌ಸೈಡ್’, 2012ರದ್ದು. ಆರಿಸಿದ್ದು ನಾನು, ಹಾಗಾಗಿ ಕೊನೆಗೆ ಬೈಸಿಕೊಂಡಿದ್ದೂ ನಾನೇ.

ದೆವ್ವ ಮೈಮೇಲೆ ಬಂದ ಮಗಳನ್ನು ಕಾರಿನಲ್ಲಿ ಹಾಕಿಕೊಂಡು ಹೋಗ್ತಾ ಇರ್ತಾರೆ. ಕಥೆ ಈಗ ಶುರುವಾಯ್ತು ಅಂತ ನಾವು ಸರಿಯಾಗಿ ಕೂರುವಷ್ಟರಲ್ಲಿ ಕಾರು ಎದುರಿನ ಗಾಡಿಗೆ ಗುದ್ದಿ ಪರದೆ ಕಪ್ಪಾಯಿತು. ‘ವೈಫೈ ಹೋಯ್ತೇನೋ ನೋಡ್ರೋ’ ಅಂದ ಒಬ್ಬ. ವೈಫೈ ಹೋಗಿರಲಿಲ್ಲ, ಸಿನಿಮಾನೇ ಮುಗಿದಿತ್ತು. ಪರದೆ ಮೇಲೆ ಬಂದ ಬರಹದ ಸಾರಾಂಶ ಇಷ್ಟು: ಈ ಪ್ರಕರಣ ಇನ್ನೂ ಬಗೆಹರಿದಿಲ್ಲ, ಹೆಚ್ಚಿನ ಮಾಹಿತಿಗೆ ಈ ವೆಬ್‌ಸೈಟ್ ನೋಡಿ.

ಎಕ್ಸಾಮಿನಲ್ಲಿ ಹತ್ತು ಮಾರ್ಕ್ಸಿನ ಪ್ರಶ್ನೆಗೆ ಅರ್ಧ ಪುಟ ಬರೆದು ‘ಉಳಿದಿದ್ದು ಟೆಕ್ಸ್ಟ್‌ಬುಕ್ಕಿನಲ್ಲಿದೆ, ನೋಡಿಕೊಳ್ಳಿ ಸರ್’ ಅಂತ ಬಿಟ್ಟು ಬಂದ ಹಾಗಾಯ್ತು.

ಹೀಗೆ ಸಿಟ್ಟಾದವರು ನಾವಷ್ಟೇ ಅಲ್ಲ. ಅಮೆರಿಕದಲ್ಲಿ ಅದು ಬಿಡುಗಡೆಯಾಗಿದ್ದು 2012ರ ಜನವರಿ 6ರಂದು. ಖರ್ಚು ಸುಮಾರು 10 ಲಕ್ಷ ಡಾಲರ್, ಮೊದಲ ವಾರಾಂತ್ಯದ ಗಳಿಕೆಯೇ 3.3 ಕೋಟಿ ಡಾಲರ್ ದಾಟಿತು. ಆದರೆ ಥಿಯೇಟರಿನಿಂದ ಹೊರಬರುವವರನ್ನು ಕೇಳಿ ಗ್ರೇಡ್ ಕೊಡುವ ಸಿನಿಮಾಸ್ಕೋರ್ ಸಂಸ್ಥೆಯ ಪಟ್ಟಿಯಲ್ಲಿ ಇದಕ್ಕೆ ಸಿಕ್ಕಿದ್ದು ‘ಎಫ್’. ನಮ್ಮ ಭಾಷೇಲಿ ಹೇಳೋದಾದ್ರೆ ಬ್ಯಾಕ್. ಮುಂದಿನ ವಾರಾಂತ್ಯಕ್ಕೆ ಗಳಿಕೆ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಬಿದ್ದುಹೋಯ್ತು. ಆದರೂ ಜಗತ್ತಿನಾದ್ಯಂತ ಒಟ್ಟು 10 ಕೋಟಿ ಡಾಲರಿನಷ್ಟು ದುಡಿಯಿತು. ಅಂದ್ರೆ ಸೋತಿದ್ದು ಟಿಕೆಟ್ ತಗೊಂಡವರು ಮಾತ್ರ.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ರೂಮ್‌ಮೇಟ್ ಒಂದು ಮಾತು ಹೇಳಿದ: ‘ಲೋ ಬಜೆಟ್ ಮಗಾ, ಅಷ್ಟೇ ಬರೋದು.’ ಈ ಲೇಖನ ಬರೀತಿರೋದು ಆ ಮಾತಿಗೆ ಉತ್ತರವಾಗಿ. ಬಜೆಟ್ ಕಮ್ಮಿ ಇದ್ರೆ ಲೈಟ್ ಕಮ್ಮಿ ಇರಬಹುದು, ಕಲಾವಿದರು ಹೊಸಬರಿರಬಹುದು, ಸೌಂಡ್ ಒರಟಾಗಿರಬಹುದು. ಅದನ್ನೆಲ್ಲ ಕ್ಷಮಿಸೋಣ. ಆದರೆ ಕಥೆ ಮುಗಿಸೋಕೆ ಬೇಕಿರೋದು ಒಂದು ಪೆನ್ನು, ಒಂದಷ್ಟು ಹಾಳೆ, ನಿದ್ದೆಗೆಟ್ಟ ನಾಲ್ಕು ರಾತ್ರಿ. ಅದಕ್ಕೆ ಫೈನಾನ್ಸರ್ ಬೇಕಾಗಿಲ್ಲ.

‘ಪ್ಯಾರಾನಾರ್ಮಲ್ ಆ್ಯಕ್ಟಿವಿಟಿ’ ತಗೊಳ್ಳಿ. ಅದನ್ನು ಮಾಡಿದ ಓರೆನ್ ಪೆಲಿ ವಿಡಿಯೋ ಗೇಮ್ ಪ್ರೋಗ್ರಾಮರ್ ಆಗಿದ್ದವನು, ಅಂದ್ರೆ ನಮ್ಮ ಪೈಕಿಯವನೇ. ತನ್ನ ಸ್ವಂತ ಮನೆಯಲ್ಲೇ ಒಂದು ವಾರದಲ್ಲಿ ಶೂಟ್ ಮಾಡಿದ. ಖರ್ಚು ಸುಮಾರು 15,000 ಡಾಲರ್. ‘ಡೆವಿಲ್ ಇನ್‌ಸೈಡ್’ ಖರ್ಚು ಅದರ ಅರವತ್ತು ಪಟ್ಟಿಗಿಂತ ಹೆಚ್ಚು! ಪೆಲಿ ಸಿನಿಮಾದಲ್ಲಿ ನನಗೆ ಅತಿ ಹೆಚ್ಚು ಭಯ ಆಗಿದ್ದು ಒಂದು ಮಲಗುವ ಕೋಣೆಯ ದೃಶ್ಯದಲ್ಲಿ. ಕ್ಯಾಮೆರಾ ಟ್ರೈಪಾಡ್ ಮೇಲೆ ಅಲ್ಲಾಡದೆ ನಿಂತಿದೆ. ಹುಡುಗಿ ನಿದ್ದೆಯಿಂದ ಎದ್ದು ಮಂಚದ ಪಕ್ಕ ನಿಂತು, ಮಲಗಿರುವ ಹುಡುಗನನ್ನೇ ನೋಡ್ತಾಳೆ. ಮೂಲೆಯಲ್ಲಿ ಗಡಿಯಾರದ ಅಂಕಿ ಓಡುತ್ತೆ, ಗಂಟೆಗಳು ಕಳೆಯುತ್ತವೆ, ಅವಳು ಹಾಗೇ ನಿಂತಿರ್ತಾಳೆ. ಅಷ್ಟೇ. ಗ್ರಾಫಿಕ್ಸೂ ಇಲ್ಲ, ರಕ್ತವೂ ಇಲ್ಲ.

ಅದಕ್ಕೂ ಮೊದಲು, 1999ರಲ್ಲಿ ಬಂದ ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ ಕೂಡ ದಿಢೀರನೇ ಮುಗಿಯುತ್ತೆ. ಪಾಳುಮನೆಯ ನೆಲಮಾಳಿಗೆಯಲ್ಲಿ ಒಬ್ಬ ಹುಡುಗ ಗೋಡೆಗೆ ಮುಖ ಮಾಡಿ ನಿಂತಿರ್ತಾನೆ, ಕ್ಯಾಮೆರಾ ಬೀಳುತ್ತೆ, ಮುಗೀತು. ಮತ್ತೆ ಅದಕ್ಕೆ ಯಾಕೆ ಸಿಟ್ಟು ಬರಲ್ಲ? ಯಾಕಂದ್ರೆ ಶುರುವಿನಲ್ಲೇ ಊರಿನವರ ಸಂದರ್ಶನದಲ್ಲಿ ಒಬ್ಬ ಕೊಲೆಗಾರನ ವಿಷಯ ಬಂದಿರುತ್ತೆ. ಒಂದು ಮಗುವನ್ನು ಕೊಲ್ಲುವಾಗ ಇನ್ನೊಂದನ್ನು ಮೂಲೆಗೆ ಮುಖ ಮಾಡಿ ನಿಲ್ಲಿಸ್ತಿದ್ದ ಅಂತ. ಆ ಮಾತನ್ನು ನಾವು ಮರೆತಿರ್ತೀವಿ, ಸಿನಿಮಾ ಮರೆತಿರಲ್ಲ. ಕೊನೇ ದೃಶ್ಯದಲ್ಲಿ ನೆನಪಾದಾಗ ಬೆನ್ನುಹುರಿ ತಣ್ಣಗಾಗುತ್ತೆ. ಎಲ್ಲ ಬಿಡಿಸಿ ಹೇಳಲೇಬೇಕು ಅಂತ ನಾನೂ ಹೇಳ್ತಿಲ್ಲ. ಉತ್ತರವನ್ನು ನೋಡುಗನ ತಲೆಗೆ ಬಿಡೋದು ಬೇರೆ, ಉತ್ತರವೇ ಇಲ್ಲದೆ ಓಡಿಹೋಗೋದು ಬೇರೆ.

ವೆಬ್‌ಸೈಟ್ ವಿಷಯಕ್ಕೆ ಬಂದ್ರೆ ಬ್ಲೇರ್ ವಿಚ್‌ಗೂ ಒಂದಿತ್ತು. ಆದರೆ ಸಿನಿಮಾ ಬರೋಕೆ ಮುಂಚೆನೇ, ಕಾಣೆಯಾದವರ ವಿವರ, ಪೊಲೀಸ್ ವರದಿ ಅಂತೆಲ್ಲ ಹಾಕಿ ಜನರನ್ನು ಥಿಯೇಟರಿಗೆ ಎಳೆದಿತ್ತು. ಅದು ಹಬ್ಬದ ಊಟಕ್ಕೆ ಕೊಟ್ಟ ಕರೆಯೋಲೆ. ‘ಡೆವಿಲ್ ಇನ್‌ಸೈಡ್’ ಮಾಡಿದ್ದು ಅರ್ಧ ಊಟದಲ್ಲಿ ಎಲೆ ಎತ್ತಿ, ‘ಪಾಯಸ ಪಕ್ಕದ ಬೀದೀಲಿ ಸಿಗುತ್ತೆ’ ಅಂದ ಹಾಗೆ.

ಬೇಜಾರಾಗೋದು ಯಾಕಂದ್ರೆ ಈ ಸಿನಿಮಾದಲ್ಲಿ ಸರಕು ಇತ್ತು. ದೆವ್ವ ಬಿಡಿಸುವಾಗ ಮೂವರನ್ನು ಕೊಂದ ತಾಯಿ ಇಟಲಿಯ ಆಸ್ಪತ್ರೆಯೊಂದರಲ್ಲಿದ್ದಾಳೆ. ಎಷ್ಟೋ ವರ್ಷದ ಮೇಲೆ ಮಗಳು ಕ್ಯಾಮೆರಾ ಜೊತೆ ಅವಳನ್ನು ನೋಡೋಕೆ ಬರ್ತಾಳೆ. ಆ ಭೇಟಿಯಲ್ಲಿ ತಾಯಿಯಾಗಿ ಸೂಸಾನ್ ಕ್ರೌಲಿ ನಟನೆ ನೋಡಿ ನಮ್ಮ ರೂಮಿನಲ್ಲಿ ಯಾರೂ ಮಂಡಕ್ಕಿ ಮುಟ್ಟಲಿಲ್ಲ. ದೆವ್ವ ಒಬ್ಬರಿಂದ ಇನ್ನೊಬ್ಬರಿಗೆ ದಾಟುತ್ತೆ ಅನ್ನೋ ಕಲ್ಪನೆಯೂ ಚೆನ್ನಾಗಿತ್ತು. ‘ಅಮ್ಮನಿಗೆ ಇರೋದು ಹುಚ್ಚೋ, ಬೇರೇನೋ? ಅದು ನನಗೂ ಬರುತ್ತಾ?’ ಮಗಳ ಈ ಭಯ ದೆವ್ವಕ್ಕಿಂತ ದೊಡ್ಡದು. ಸಿನಿಮಾ ಇದನ್ನು ಕೈಗೆತ್ತಿಕೊಂಡು, ಅರ್ಧ ದಾರೀಲಿ ಕಾರಿನ ಜೊತೆಗೇ ಗುದ್ದಿಸಿಬಿಟ್ಟಿತು.

ನಮ್ಮಲ್ಲೂ ಈ ದಾರಿ ಹಿಡಿದವರಿದ್ದಾರೆ. 2013ರ ‘6-5=2’ ಚಾರಣಕ್ಕೆ ಹೋದ ಗೆಳೆಯರ ಕಥೆ, ಅವರ ಕ್ಯಾಮೆರಾದಲ್ಲೇ ಸಿಕ್ಕಿದ್ದು ಅನ್ನೋ ರೂಪದಲ್ಲಿ. ದೊಡ್ಡ ಸ್ಟಾರ್ ಇಲ್ಲದೆ, ಹಾಡು ಫೈಟು ಇಲ್ಲದೆ ಕನ್ನಡದ ಜನ ಅದನ್ನು ನೋಡಿದರು. ಹೊಸಬರನ್ನು ಜನ ನೋಡಲ್ಲ ಅನ್ನೋದು ಹಾಗಾಗಿ ಅರ್ಧ ಸತ್ಯ. ಒಮ್ಮೆ ನಂಬಿ ಬಂದು ಮೋಸ ಹೋದವರು ಮುಂದಿನ ಹೊಸಬನ ಸಿನಿಮಾಕ್ಕೆ ಬರೋಕೆ ಯೋಚಿಸ್ತಾರೆ ಅನ್ನೋದು ಉಳಿದರ್ಧ.

ಇಷ್ಟು ಖಾರವಾಗಿ ಬರೆಯೋಕೆ ಇನ್ನೊಂದು ಕಾರಣ ಇದೆ. ಸೆಕೆಂಡ್ ಇಯರಿನಲ್ಲಿ ನಾವೂ ಫೆಸ್ಟಿಗೆ ಒಂಬತ್ತು ನಿಮಿಷದ ಹಾರರ್ ಶಾರ್ಟ್ ಫಿಲ್ಮ್ ಮಾಡಿದ್ದೆವು. ಹಾಸ್ಟೆಲ್ ಕಾರಿಡಾರ್, ಫೋನ್ ಕ್ಯಾಮೆರಾ, ಮುಚ್ಚಿದ ಒಂದು ರೂಮು. ಹೀರೋ ಬಾಗಿಲು ತೆಗೀತಾನೆ, ಕಿರುಚ್ತಾನೆ, ‘ಮುಂದುವರಿಯುವುದು’ ಅಂತ ಬರುತ್ತೆ. ಫ್ರೆಂಡ್ಸ್ ಎಲ್ಲ ‘ಸೂಪರ್ ಮಗಾ’ ಅಂದರು. ಒಬ್ಬ ಜೂನಿಯರ್ ಮಾತ್ರ ಹತ್ತಿರ ಬಂದು, ‘ಅಣ್ಣಾ, ಆ ಬಾಗಿಲ ಹಿಂದೆ ಯಾರಿದ್ರು?’ ಅಂತ ಕೇಳಿದ. ಪಾರ್ಟ್ ಟೂನಲ್ಲಿ ಗೊತ್ತಾಗುತ್ತೆ, ಈ ಸಲ ಬಜೆಟ್ ಇರ್ಲಿಲ್ಲ ಅಂತ ಹೇಳಿ ಸ್ಟೈಲಾಗಿ ನಕ್ಕೆ. ನಿಜ ಏನಂದ್ರೆ, ಯಾರಿದ್ರು ಅಂತ ನಮಗೇ ಗೊತ್ತಿರಲಿಲ್ಲ. ಪಾರ್ಟ್ ಟೂ ಇವತ್ತಿಗೂ ಬಂದಿಲ್ಲ.

ಅವತ್ತು ರಾತ್ರಿ ಲ್ಯಾಪ್‌ಟಾಪ್ ಪರದೆ ಕಪ್ಪಾದಾಗ ನನಗೆ ನೆನಪಾಗಿದ್ದು ಆ ಹುಡುಗನ ಮುಖ. ಅವನು ನಮ್ಮ ಫಿಲ್ಮನ್ನು ಉಳಿದವರಿಗಿಂತ ಗಮನ ಕೊಟ್ಟು ನೋಡಿದ್ದ. ಅವನಿಗೆ ನಾನು ಕೊಟ್ಟಿದ್ದು ಒಂದು ನೆಪ.

ಈ ವರ್ಷದ ಫೆಸ್ಟಿಗೂ ಸಿನಿಮಾ ಮಾಡೋರಿದ್ದೀರಿ, ನೋಡೋರಿದ್ದೀರಿ. ಮಾಡೋರಿಗೆ ಒಂದೇ ಮಾತು: ಕ್ಯಾಮೆರಾ ಬಾಡಿಗೆಗೆ ಕಾಸು ಕೂಡಿಸೋಕೆ ಮುಂಚೆ ಕೊನೇ ಪುಟ ಬರೀರಿ. ನೋಡೋರಿಗೂ ಒಂದೇ ಮಾತು: ಫ್ರೆಂಡ್ ಮಾಡಿದ್ದು ಅಂತ ಸುಮ್ನೆ ಚಪ್ಪಾಳೆ ತಟ್ಟಬೇಡಿ. ಇಷ್ಟ ಆಗಿಲ್ಲ ಅಂದ್ರೆ ಯಾಕೆ ಆಗಿಲ್ಲ ಅಂತ ಹೇಳಿ.

ನಮ್ಮ ತಂಡ ಅದೇ ಕಾರಿಡಾರಿಗೆ ವಾಪಸ್ ಹೋಗ್ತಿದೆ. ಬಜೆಟ್ ಈ ಸಲವೂ ಇಲ್ಲ. ಆದರೆ ಆ ಬಾಗಿಲ ಹಿಂದೆ ಯಾರಿದ್ದಾರೆ ಅಂತ ಮೊದಲು ಬರೆದುಕೊಂಡಿದ್ದೀವಿ. ಆ ಜೂನಿಯರ್‌ಗೆ ಮುಂದಿನ ಸಾಲಿನಲ್ಲೇ ಸೀಟು ಹಿಡಿದಿಡ್ತೀನಿ.